ಏಳೆತ್ತಿನ ಮನೆಯ ನೆರಳು

ನಮ್ಮೂರಿನಲ್ಲಿ ಮನೆ ಬಿದ್ದುಹೋದರೂ ಅದರ ನೆರಳು ಉಳಿಯುತ್ತದೆ. ಗೋಡೆ ಉರುಳಿ, ಜಂತಿ ಮುರಿದು, ಕಲ್ಲುಗಳು ಎಲ್ಲಿ ಬಿದ್ದವೋ ಅಲ್ಲೇ ಬಿದ್ದುಕೊಂಡಿದ್ದರೆ ಸಾಕು, ಮನೆ ನಿಂತಿದ್ದಾಗ ಎಷ್ಟು ನೆರಳಿತ್ತೋ ಅಷ್ಟೂ ಹಾಗೇ ಇರುತ್ತದೆ. ಹೊತ್ತಿಗೆ ತಕ್ಕಂತೆ ಉದ್ದವಾಗುತ್ತದೆ, ಗಿಡ್ಡವಾಗುತ್ತದೆ. ಹಾಗಾಗಿ ಹಾಳುಮನೆಯ ಕಲ್ಲನ್ನು ನಮ್ಮಲ್ಲಿ ಯಾರೂ ಮುಟ್ಟುವುದಿಲ್ಲ. ಹೊಸ ಮನೆಗೆ ಕಲ್ಲು ಬೇಕೆಂದರೆ ಮೂರು ಹರದಾರಿ ದೂರದ ಕಣಿಗೆ ಹೋಗಿ ತರುತ್ತೇವೆ. ಕೋಳಿ ಕೆದಕಿ ಒಂದು ಕಲ್ಲು ಹೊರಳಿದರೂ ನೆರಳಿನಲ್ಲಿ ಅಷ್ಟಗಲ ತೂತು ಬೀಳುತ್ತದೆ. ಕೂಡಲೇ ನೋಡಿ, ಇದ್ದ ಜಾಗಕ್ಕೆ, ಇದ್ದ ಮಗ್ಗುಲಿಗೆ ಹೊರಳಿಸಿಟ್ಟರೆ ತೂತು ಮುಚ್ಚಿಕೊಳ್ಳುತ್ತದೆ. ಹೊತ್ತು ಮುಳುಗಿತೋ, ಮುಗಿಯಿತು, ಆ ತೂತು ಮತ್ತೆ ಮುಚ್ಚುವುದಿಲ್ಲ. ನಿಂತ ಮನೆಯ ನೆರಳು ಯಜಮಾನನದು, ಬಿದ್ದ ಮನೆಯ ನೆರಳು ಎಲ್ಲರದು ಎಂಬುದು ನಮ್ಮಲ್ಲಿ ಮೊದಲಿನಿಂದ ನಡೆದುಕೊಂಡು ಬಂದದ್ದು. ಹೆಣ್ಣು ಕೊಡಲು ಬಂದವರು "ನಿಮ್ಮ ಓಣ್ಯಾಗ ಬಿದ್ದ ಮನಿ ಎಷ್ಟು ಅದಾವ್ರಿ?" ಎಂದು ಕೇಳುತ್ತಾರೆ. ಯಾರದಾದರೂ ಹಳೇ ಮನೆ ಕುಸಿದರೆ ಮನೆಯವರು ಅಳುತ್ತಾರೆ, ನೆರೆಯವರು ಸಮಾಧಾನ ಹೇಳುತ್ತಲೇ ಚಾಪೆ ಹಾಸಲು ಜಾಗ ನೋಡಿಟ್ಟುಕೊಳ್ಳುತ್ತಾರೆ. ಇದರಲ್ಲಿ ಕೆಟ್ಟತನವೇನೂ ಇಲ್ಲ. ನಮ್ಮದು ಸುಣ್ಣಗಲ್ಲಿನ ನೆಲ. ಬೇವಿನ ಗಿಡ ನೆಟ್ಟರೂ ಮೊಣಕಾಲೆತ್ತರಕ್ಕೆ ಬಂದು ಒಣಗುತ್ತದೆ. ಮನೆಗಳಿಗೆಲ್ಲ ಈಗ ತಗಡಿನ ಮಾಡು, ಹಗಲು ಒಳಗೆ ಕೂತರೆ ರೊಟ್ಟಿ ಬೆಂದ ಹಾಗೆ ಬೇಯಬೇಕು.

ಇಂಥ ಬಿದ್ದ ಮನೆಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಏಳೆತ್ತಿನ ಮನೆ. ಈ ನೆಲಕ್ಕೆ ಮೊಟ್ಟಮೊದಲು ಬಂದು ನೆಲೆನಿಂತ ಮನೆತನದವರು ಕಟ್ಟಿಸಿದ್ದು. ಅವರು ಊರು ಬಿಟ್ಟುಹೋಗಿ ಮೂರು ತಲೆಮಾರಾಯಿತು, ಮನೆ ಬಿದ್ದು ಅರವತ್ತು ವರ್ಷ. ಎರಡು ಅಂತಸ್ತಿನ ಕಲ್ಲಿನ ಮನೆಯಾಗಿದ್ದರಿಂದ ಸಂಜೆ ನಾಲ್ಕಕ್ಕೆ ಅದರ ನೆರಳು ಬಸ್ಸು ನಿಲ್ಲುವ ಕಟ್ಟೆಯವರೆಗೂ ಚಾಚಿಕೊಳ್ಳುತ್ತಿತ್ತು. ನಡುಮಧ್ಯಾಹ್ನ ಊರಿನ ನೆರಳೆಲ್ಲ ಮುದುಡಿಕೊಂಡಾಗಲೂ ಅದರ ಪಡಸಾಲೆ ಇದ್ದ ಜಾಗದಲ್ಲಿ ಮಾಳಿಗೆಯ ನೆರಳು ಕಪ್ಪಗೆ, ತಂಪಾಗಿ ಇರುತ್ತಿತ್ತು. ತಲೆ ಎತ್ತಿದರೆ ಬರೀ ಆಕಾಶ. ಊರಿಗೆ ಹೊಸಬರಾದವರು ಒಂದೆರಡು ದಿನ ತಲೆ ಎತ್ತಿ ನೋಡುತ್ತಾರೆ, ಆಮೇಲೆ ಅವರಿಗೂ ರೂಢಿಯಾಗುತ್ತದೆ. ಅಡಿಗೆಮನೆಯ ನೆರಳಿನಲ್ಲಿ ಕ್ಷೌರದ ಈರಪ್ಪ ಕನ್ನಡಿ ಇಟ್ಟುಕೊಂಡಿದ್ದ. ಪಡಸಾಲೆಯಲ್ಲಿ ಹೆಂಗಸರು ಹಳೇ ಸೀರೆ ಜೋಡಿಸಿ ಕೌದಿ ಹೊಲಿಯುತ್ತಿದ್ದರು. ಬೆಳಗಿನ ಹತ್ತರ ಹೊತ್ತಿಗೆ ಗೋಡೆಯ ನೆರಳಿನ ನಡುವೆ ಎರಡು ಚೌಕ ಬೆಳಕು ಕಾಣಿಸಿಕೊಳ್ಳುತ್ತಿತ್ತು, ಎಂದೋ ಬಿದ್ದುಹೋದ ಎರಡು ಕಿಟಕಿಗಳದು. ಸೂಜಿಗೆ ದಾರ ಪೋಣಿಸಬೇಕಾದಾಗ ಹೆಂಗಸರು ಆ ಬೆಳಕಿಗೆ ಕೈ ಚಾಚುತ್ತಿದ್ದರು.

ಆ ಹೆಂಗಸರಿಗೆಲ್ಲ ಹಿರಿಯಳು ನನ್ನ ಅಕ್ಕ ದುಂಡವ್ವ. ಆಕೆಗೆ ಹುಟ್ಟಿನಿಂದಲೇ ಬಿಸಿಲು ಆಗುವುದಿಲ್ಲ. ಅರ್ಧ ಗಳಿಗೆ ಬಿಸಿಲಿಗೆ ನಿಂತರೆ ಮೈಮೇಲೆ ಬೊಬ್ಬೆ ಏಳುತ್ತವೆ, ಒಡೆದರೆ ತಿಂಗಳುಗಟ್ಟಲೆ ಮಾಯುವುದಿಲ್ಲ. ಅದೇ ಕಾರಣಕ್ಕೆ ಆಕೆಯ ಮದುವೆಯಾಗಲಿಲ್ಲ. ಹೊತ್ತು ಏರುವ ಮೊದಲೇ ಏಳೆತ್ತಿನ ಮನೆಗೆ ಹೋಗುವುದು, ಹೊತ್ತು ಮುಳುಗಿದ ಮೇಲೆ ಮನೆಗೆ ಬರುವುದು, ಹೀಗೆ ನಲವತ್ತು ವರ್ಷ. ಮನೆಯಲ್ಲಿ ಆಕೆ ಮಾತೇ ಆಡುವವಳಲ್ಲ. ನೆರಳಿಗೆ ಹೋಗಿ ಕೂತಳೆಂದರೆ ಬೇರೆಯೇ ಹೆಂಗಸು. ಯಾರ ಸೊಸೆ ಬಸುರಿ, ಯಾರ ಕೌದಿಗೆ ಯಾವ ಸೀರೆಯ ಅಂಚು, ಯಾರು ಯಾರ ಮೇಲೆ ಮುನಿದಿದ್ದಾರೆ, ಎಲ್ಲ ಆಕೆಯ ಬಾಯಲ್ಲಿ. ಏಳೆತ್ತಿನ ಮನೆಯ ಒಂದೊಂದು ಕಲ್ಲೂ ಆಕೆಗೆ ಗೊತ್ತಿತ್ತು. ನಾಯಿ ಓಡಿ ಕಲ್ಲು ಜರುಗಿದರೆ ಆಕೆಯನ್ನೇ ಕರೆಯುತ್ತಿದ್ದರು. ಬಂದು ಒಮ್ಮೆ ನೋಡಿ, ಹೊರಳಿಸಿ, "ಹಾಂ, ಹಿಂಗಿತ್ತು" ಎನ್ನುತ್ತಿದ್ದಳು. ನೆರಳು ಮುಚ್ಚಿಕೊಳ್ಳುತ್ತಿತ್ತು.

ನನ್ನ ಹೆಸರು ಫಕೀರಪ್ಪ. ಕಸುಬು ಅರ್ಜಿ ಬರೆಯುವುದು. ಆ ಮನೆಯ ನೆರಳಿನಲ್ಲೇ ಒಂದು ಮೂಲೆಗೆ ಟೇಬಲ್ಲು ಹಾಕಿಕೊಂಡು ಮೂವತ್ತು ವರ್ಷ ಊರಿನ ಕಷ್ಟವನ್ನೆಲ್ಲ 'ಮಾನ್ಯರೇ' ಎಂದು ಶುರುಮಾಡಿ 'ತಮ್ಮ ವಿಶ್ವಾಸಿ' ಎಂದು ಮುಗಿಸಿದ್ದೇನೆ. ಜನ ನಾನು ಬರೆದದ್ದನ್ನು ಓದಿಸಿ ಕೇಳುವುದಿಲ್ಲ. ನಾನು ಬೆರಳಿಟ್ಟು ತೋರಿಸಿದಲ್ಲಿ ಸಹಿ ಹಾಕುತ್ತಾರೆ, ಇಲ್ಲವೆ ಹೆಬ್ಬೆಟ್ಟು ಒತ್ತುತ್ತಾರೆ. "ನೀವು ಬರದ್ರ ಮುಗೀತಲ್ರೀ" ಎನ್ನುತ್ತಾರೆ. ಈ ಮಾತು ಕೇಳಿ ಕೇಳಿ ನನ್ನ ತಲೆ ಸ್ವಲ್ಪ ತಿರುಗಿತ್ತು ಎಂದೇ ಈಗ ಅನಿಸುತ್ತದೆ.

ನನಗೊಂದು ಹಳೇ ನೋವಿತ್ತು. ಆ ಮನೆತನದವರು ಈ ನೆಲಕ್ಕೆ ಬಂದದ್ದು ಎರಡು ದೊಡ್ಡ ಬಂಡಿಗಳಲ್ಲಿ, ಒಂದೊಂದಕ್ಕೆ ನಾಲ್ಕು ಎತ್ತು. ದಾರಿಯಲ್ಲಿ ಒಂದೆತ್ತು ಸತ್ತಿತು. ಅದರ ಜಾಗಕ್ಕೆ ನೊಗಕ್ಕೆ ಹೆಗಲು ಕೊಟ್ಟವನು ದ್ಯಾಮ, ನಮ್ಮ ಮುತ್ತಜ್ಜನ ಅಪ್ಪ. ಹನ್ನೊಂದು ದಿನ ಎಳೆದನಂತೆ. ಕೊನೆಯವರೆಗೂ ಅವನ ಬಲಹೆಗಲು ಎಡದ್ದಕ್ಕಿಂತ ನಾಲ್ಕು ಬೆರಳು ಕೆಳಗೇ ಇತ್ತಂತೆ. ಮನೆಗೆ ಕಲ್ಲು ಹೊತ್ತವನೂ ಅವನೇ. ಬಂದವರ ಮನೆತನದ ಹೆಸರು ಏಳೆತ್ತಿನವರು ಎಂದಾಯಿತು, ಮನೆ ಏಳೆತ್ತಿನ ಮನೆಯಾಯಿತು. ಎಂಟನೆಯವನ ಮಾತು ಯಾರೂ ಎತ್ತಲಿಲ್ಲ. ನಮ್ಮಪ್ಪ ಸಾಯುವ ಮುಂದೆ ಇದನ್ನೇ ಹೇಳಿ ಅತ್ತಿದ್ದ. ಊರವರ ಹೆಸರನ್ನೆಲ್ಲ ಕಾಗದಕ್ಕೆ ಹಚ್ಚುವ ನಾನು ನಮ್ಮ ದ್ಯಾಮನ ಹೆಸರನ್ನು ಒಂದು ಕಡೆಯೂ ಬರೆಸಲಾರೆನೆ ಎಂದು ಒಳಗೊಳಗೇ ಕುದಿಯುತ್ತಿದ್ದೆ.

ಅಂಥದ್ದರಲ್ಲಿ ಜಿಲ್ಲೆಯ ಪರಂಪರೆ ಕಚೇರಿಯಿಂದ ಒಂದು ಸುತ್ತೋಲೆ ಬಂತು. ನೂರು ವರ್ಷ ದಾಟಿದ ಕಟ್ಟಡಗಳಿದ್ದರೆ ಅವುಗಳ ಪಾರಂಪರಿಕ ಮಹತ್ವವನ್ನು ನಮೂನೆಯಲ್ಲಿ ತುಂಬಿ ಕಳಿಸಿ, ಯೋಗ್ಯವಾದವುಗಳಿಗೆ ಕಲ್ಲಿನ ಫಲಕ ಹಾಕಲಾಗುವುದು, ಅದರ ಮೇಲೆ ಮೂಲಪುರುಷರ ಹೆಸರು ಕೆತ್ತಿಸಲಾಗುವುದು ಎಂದಿತ್ತು. ಆ ಸಾಲನ್ನು ನಾನು ಎಷ್ಟು ಸಲ ಓದಿದೆನೋ. ನಮೂನೆಯಲ್ಲಿ ಹತ್ತು ಅಂಕಣ. ಕಾಲ, ಕಟ್ಟಿದ ರೀತಿ, ಸಂಬಂಧಪಟ್ಟ ವ್ಯಕ್ತಿಗಳು, ಅಪರೂಪದ ಸಂಗತಿ, ಹೀಗೆ. ದ್ಯಾಮನ ಕಥೆಯನ್ನು ಮೂರು ಪುಟ ಬರೆದೆ. ಒಂಬತ್ತನೆಯ ಅಂಕಣಕ್ಕೆ ಬಂದು ಪೆನ್ನು ನಿಂತಿತು. 'ಸದ್ಯ ಸಾರ್ವಜನಿಕರ ಉಪಯೋಗ ಇದೆಯೇ?' ಇದೆ ಎಂದು ಬರೆದರೆ ಕಡತ ಪರಂಪರೆಯಿಂದ ಕಂದಾಯಕ್ಕೆ ಹೋಗುತ್ತದೆ, ಒತ್ತುವರಿ ಎನ್ನುತ್ತಾರೆ, ವರ್ಷಗಟ್ಟಲೆ ಅಲ್ಲೇ ಕೊಳೆಯುತ್ತದೆ. ಮೂವತ್ತು ವರ್ಷದ ಅನುಭವದಲ್ಲಿ ಇದು ನನಗೆ ಗೊತ್ತಿತ್ತು. ನೆರಳು ಎಂದು ಬರೆದರೆ ಓದುವವನು ನಕ್ಕುಬಿಡುತ್ತಾನೆ ಎಂಬುದೂ ಗೊತ್ತಿತ್ತು. ಆ ನೆರಳಿನಲ್ಲಿ ಕೂತೇ 'ಇಲ್ಲ' ಎಂದು ಬರೆದೆ.

ಐವತ್ತೆರಡು ಜನರ ಸಹಿ ತಗೊಂಡೆ. ಹೆಂಗಸರ ಕಡೆ ಹೋದಾಗ ಹುಸೇನಬಿ ಹಾಳೆ ನೋಡದೆಯೇ ಹೆಬ್ಬೆರಳು ಮುಂದೆ ಮಾಡಿದಳು. ಆಕೆ ಅಕ್ಕನ ಬಾಲ್ಯದ ಗೆಳತಿ, ದಿನಾ ಅಕ್ಕನ ಎದುರಿಗೇ ಕೂತು ಹೊಲಿಯುವವಳು. ಅಕ್ಕ ಮಾತ್ರ ಕೇಳಿದಳು.

"ಏನಂತ ಬರದಿ ತಮ್ಮಾ?"

"ಈ ಮನಿ ದೊಡ್ಡದು, ಹಳೇದು, ಇದನ್ನ ಸರಕಾರದವರು ಕಾಯಬೇಕು ಅಂತ ಬರದೀನಿ."

"ನಾವ್ ಕಾಯಾಕತ್ತೀವಲ್ಲ, ಸಾಲದೇನು?"

"ನಮ್ಮ ದ್ಯಾಮಜ್ಜನ ಹೆಸರು ಕಲ್ಲಿನ ಮ್ಯಾಲ ಬರತೈತಿ ಅಕ್ಕಾ."

ಅಕ್ಕ ಸೂಜಿಯನ್ನು ಕೌದಿಗೆ ಚುಚ್ಚಿಟ್ಟಳು. ಅಪ್ಪ ಅತ್ತದ್ದನ್ನು ಆಕೆಯೂ ನೋಡಿದ್ದಳು. ಹೆಬ್ಬೆಟ್ಟು ಒತ್ತಿ, ಬೆರಳನ್ನು ಹೊಲಿಯುತ್ತಿದ್ದ ಕೌದಿಯ ಹಿಂಬದಿಗೆ ಒರೆಸಿಕೊಂಡಳು. ಕೆಳಗೆ ಇನ್ನೊಂದು ಹಾಳೆ ಇತ್ತು, ಮುಂದಿನ ಕೆಲಸಕ್ಕೆ ನಮ್ಮ ಆಕ್ಷೇಪಣೆ ಇಲ್ಲ ಎಂಬುದು. ಅದರ ಮೇಲೂ ಒತ್ತಿಸಿದೆ. ಅದು ಏನೆಂದು ಆಕೆ ಕೇಳಲಿಲ್ಲ, ನಾನು ಹೇಳಲಿಲ್ಲ.

ನಾಲ್ಕು ತಿಂಗಳಿಗೆ ಇಂದುಧರ ಎಂಬ ಅಧಿಕಾರಿ ಬಂದರು. ಒಳ್ಳೆಯ ಮನುಷ್ಯ, ಈಗಲೂ ಹಾಗೇ ಹೇಳುತ್ತೇನೆ. ಟೇಪು ಹಿಡಿದು ಆರು ದಿನ ಅಳೆದರು, ಚಿತ್ರ ಬರೆದುಕೊಂಡರು. ಮಧ್ಯಾಹ್ನ ಪಡಸಾಲೆಯ ತಂಪಿನಲ್ಲಿ ಕೂತು ಬುತ್ತಿ ಬಿಚ್ಚುತ್ತಿದ್ದರು, ಊಟವಾದ ಮೇಲೆ ಟೊಪ್ಪಿಗೆ ಮುಖಕ್ಕೆ ಮುಚ್ಚಿ ಒಂದು ನಿದ್ದೆ ತೆಗೆಯುತ್ತಿದ್ದರು. ಮೇಲೆ ಮಾಡಿಲ್ಲ, ಸುತ್ತ ಗೋಡೆಯಿಲ್ಲ, ಈ ನೆರಳು ಎಲ್ಲಿಯದು ಎಂದು ಒಮ್ಮೆಯೂ ಕೇಳಲಿಲ್ಲ. ನಾವಾದರೂ ಹೇಳಲಿಲ್ಲ. ನೀರು ಹಸಿಯಾಗಿರುತ್ತದೆ ಎಂದು ಯಾರಾದರೂ ಯಾರಿಗಾದರೂ ಹೇಳುತ್ತಾರೆಯೆ? ಕಡೆಯ ದಿನ ನನ್ನ ಟೇಬಲ್ಲಿನ ಹತ್ತಿರ ಬಂದು ಕೂತರು.

"ಫಕೀರಪ್ಪನವರೇ, ನಿಮ್ಮ ವರದಿ ಓದಿದೆ. ಇಂಥ ಮೊದಲ ನೆಲಸಿಗರ ಮನೆ ಈ ಸೀಮೆಯಲ್ಲೇ ಇನ್ನೊಂದಿಲ್ಲ. ಮಹತ್ವದಲ್ಲಿ ನನಗೆ ಅನುಮಾನವೇ ಇಲ್ಲ. ಆದರೆ ಈಗ ಇದು ಬರೀ ಕಲ್ಲಿನ ರಾಶಿ. ರಾಶಿಗೆ ದರ್ಜೆ ಕೊಡಲು ನಿಯಮದಲ್ಲಿ ಅವಕಾಶವಿಲ್ಲ. ಅದೇ ಕಲ್ಲು ತಗೊಂಡು, ಅದೇ ತಳಪಾಯದ ಮೇಲೆ ಒಂದರ ಮೇಲೊಂದು ನಾಲ್ಕು ಸಾಲು ಗೋಡೆ ಎಬ್ಬಿಸಿದರೆ ಅದಕ್ಕೆ ಫಲಕ ಹಾಕಬಹುದು."

"ಕಲ್ಲು ಎತ್ತಬೇಕಾಗತೈತೇನ್ರಿ ಸಾಹೇಬ್ರ?"

"ಎತ್ತದೆ ಹೇಗೆ ಕಟ್ಟುವುದು?"

ಹೇಳಬೇಕಾದದ್ದು ಆಗಲೇ. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಅವರು ಚೀಲದಿಂದ ಒಂದು ಹಾಳೆ ತೆಗೆದು, "ಆ ನಿಮ್ಮ ಹಿರಿಯರ ಹೆಸರು ಸರಿಯಾಗಿ ಬರೆದುಕೊಡಿ, ಕೆತ್ತುವವನು ತಪ್ಪು ಮಾಡಬಾರದು" ಎಂದರು. ನಾನು ಬಾಯಿ ಮುಚ್ಚಿ ಪೆನ್ನು ತೆಗೆದೆ. ಮೂವತ್ತು ವರ್ಷದಲ್ಲಿ ಅಷ್ಟು ದುಂಡಗೆ ಅಕ್ಷರ ಬರೆದಿರಲಿಲ್ಲ. ಆಮೇಲೆ ನನಗೆ ನಾನೇ ಒಂದು ಲೆಕ್ಕ ಹೇಳಿಕೊಂಡೆ. ಬಿದ್ದ ಮನೆಯೇ ಇಷ್ಟು ನೆರಳು ಕೊಟ್ಟರೆ ಎದ್ದ ಮನೆ ಎಷ್ಟು ಕೊಟ್ಟೀತು? ಕಲ್ಲು ತನ್ನ ಮೊದಲಿನ ಜಾಗಕ್ಕೆ ಹೋಗಿ ಕೂತರೆ ನೆರಳು ಹೋಗುವುದೆಲ್ಲಿಗೆ? ಈ ಮಾತನ್ನು ಊರವರಿಗೂ ಹೇಳಿದೆ. ಅವರು ನಂಬಿದರು. ಈರಪ್ಪ ಒಬ್ಬನ ಗಡ್ಡಕ್ಕೆ ಸೋಪು ಹಚ್ಚುತ್ತಲೇ, "ನಿಮಗ ತಿಳಿದದ್ದು ನಮಗೇನು ತಿಳದೀತ್ರೀ" ಎಂದ. ನಮ್ಮೂರಿನಲ್ಲಿ ಬಿದ್ದ ಮನೆಯನ್ನು ಮತ್ತೆ ಎಬ್ಬಿಸಿದವರು ಅದುವರೆಗೆ ಯಾರೂ ಇರಲಿಲ್ಲ.

ಹೊರಗಿನಿಂದ ಗೋಡೆ ಕಟ್ಟುವ ಎಂಟು ಜನ ಗವಂಡಿಗಳು ಬಂದರು. ಮೊದಲನೆಯ ದಿನ ಅವರು ಎತ್ತಿದ್ದು ಬಡಗಣ ಕಡೆಯ ಕಲ್ಲು, ಇಪ್ಪತ್ತೋ ಮೂವತ್ತೋ. ಎತ್ತಿದ ಹಾಗೆಲ್ಲ ಮೇಲಂತಸ್ತಿನ ನೆರಳು ತಲೆಯ ಕಡೆಯಿಂದ ಕರಗುತ್ತ ಬಂತು. ಬಸ್ಸಿನ ಕಟ್ಟೆಯ ಮೇಲೆ ಕೂತಿದ್ದವರು ಕಣ್ಣಿಗೆ ಕೈ ಅಡ್ಡ ಹಿಡಿದು ಎದ್ದುನಿಂತರು. ಅಕ್ಕ ಕೌದಿ ಬಿಟ್ಟು ಬಂದು, ಇನ್ನೂ ಎತ್ತಿರದ ಒಂದು ದೊಡ್ಡ ಕಲ್ಲಿನ ಮೇಲೆ ಕೂತುಬಿಟ್ಟಳು. ಗವಂಡಿಗಳು ನನ್ನ ಮುಖ ನೋಡಿದರು.

"ತಮ್ಮಾ, ಇನ್ನೂ ಹೊತ್ತು ಮುಳುಗಿಲ್ಲ. ಎತ್ತಿದ್ದಿಷ್ಟೂ ನಾ ಇದ್ದಂಗ ಇಡತೀನಿ. ಒಂದೂ ತಪ್ಪೂದಿಲ್ಲ. ಇವರಿಗೆ ಹೋಗಂತ ಹೇಳು."

"ಗ್ವಾಡಿ ಏಳಲಿ ಅಕ್ಕಾ. ಎದ್ದ ಮ್ಯಾಲ ಬರತೈತಿ."

"ಬರದಿದ್ರ?"

"ಬರತೈತಿ ಅಂದ್ನೆಲ್ಲ."

"ನಾ ಎಲ್ಲಿಗೆ ಹೋಗಲೋ ಫಕೀರಾ?"

ಊರೆಲ್ಲ ನೋಡುತ್ತಿತ್ತು. ಅಧಿಕಾರಿಗಳೂ ಕೈಯಲ್ಲಿ ನಕ್ಷೆ ಹಿಡಿದು ನೋಡುತ್ತಿದ್ದರು. ನನಗೆ ನಾಚಿಕೆಯಾಯಿತು, ಆ ನಾಚಿಕೆಗೆ ಸಿಟ್ಟು ಬಂತು. ಹೋಗಿ ಅಕ್ಕನ ರಟ್ಟೆ ಹಿಡಿದು ಎಬ್ಬಿಸಿದೆ. ಆಕೆಯ ತೂಕ ಅಷ್ಟು ಕಡಿಮೆ ಎಂದು ನನಗೆ ಗೊತ್ತೇ ಇರಲಿಲ್ಲ. ಗವಂಡಿಗಳು ಆ ಕಲ್ಲನ್ನೂ ಎತ್ತಿದರು. ಆ ಸಂಜೆ ಹೊತ್ತು ಮುಳುಗುವವರೆಗೂ ಅಕ್ಕ ನನ್ನ ಮುಖವನ್ನೇ ನೋಡುತ್ತ ಕೂತಿದ್ದಳು. ನಾನು ಟೇಬಲ್ಲಿನ ಮೇಲೆ ಯಾವುದೋ ಕಾಗದ ಬರೆಯುವ ಹಾಗೆ ಮಾಡಿದೆ.

ಹದಿನಾರು ದಿನದಲ್ಲಿ ಎಲ್ಲ ಮುಗಿಯಿತು. ಮೊದಲು ಮೇಲಂತಸ್ತು ಹೋಯಿತು, ಆಮೇಲೆ ಅಡಿಗೆಮನೆ, ಆಮೇಲೆ ಪಡಸಾಲೆ. ಕಡೆಯವರೆಗೂ ಕಿಟಕಿ ಇದ್ದ ಗೋಡೆಯ ನೆರಳಿನ ತುಂಡೊಂದು ಉಳಿದಿತ್ತು. ಹೆಂಗಸರು ಅದರಲ್ಲೇ ಒಬ್ಬರ ತೊಡೆಯ ಮೇಲೊಬ್ಬರು ಕಾಲಿಟ್ಟುಕೊಂಡು ಒತ್ತೊತ್ತಾಗಿ ಕೂತು ಹೊಲಿದರು. ಒಂದು ದಿನ ಹತ್ತು ಗಂಟೆಗೆ ಹುಸೇನಬಿ ದಾರ ಪೋಣಿಸಲು ಕೈ ಚಾಚಿದರೆ ಎಲ್ಲ ಕಡೆಯೂ ಬೆಳಕೇ ಇತ್ತು. ಆಕೆ ಸೂಜಿ ಹಿಡಿದುಕೊಂಡೇ ಅಳಲು ಶುರುಮಾಡಿದಳು. ಗೋಡೆ ಏಳಲಿ, ಗೋಡೆ ಏಳಲಿ ಎಂದು ನಾನು ಎಲ್ಲರಿಗೂ ಹೇಳುತ್ತಲೇ ಇದ್ದೆ.

ಗೋಡೆ ಎದ್ದಿತು. ನಾಲ್ಕು ಸಾಲು, ಸಂದುಗಳಿಗೆ ಸಿಮೆಂಟು, ಉಳಿದ ಕಲ್ಲಿನಿಂದ ಸುತ್ತ ಹಾಸುದಾರಿ. ನಿಜವಾಗಿಯೂ ಚೆನ್ನಾಗಿತ್ತು. ಯಾವುದು ಪಡಸಾಲೆ, ಯಾವುದು ಕೋಣೆ, ದನದ ಮನೆ ಎಲ್ಲಿತ್ತು ಎಂಬುದೆಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು. ನೆರಳೂ ಬಂತು. ಮೊಣಕಾಲೆತ್ತರದ ಗೋಡೆಗೆ ಎಷ್ಟು ಬರಬೇಕೋ ಅಷ್ಟು. ಬೆಳಗ್ಗೆ ಒಂದು ಮೊಳ, ಹತ್ತಕ್ಕೆ ಒಂದು ಗೇಣು, ಹನ್ನೆರಡಕ್ಕೆ ನಾಲ್ಕು ಬೆರಳು. ಪಾಪಿ ಸಮುದ್ರಕ್ಕೆ ಹೋದರೂ ಮೊಣಕಾಲುದ್ದ ನೀರು ಎಂದು ಯಾರೋ ಅಂದರು. ನಗಬೇಕೆಂದು ಅಂದದ್ದಲ್ಲ, ಯಾರೂ ನಗಲೂ ಇಲ್ಲ. ಅಧಿಕಾರಿಗಳು ಬೆವರು ಒರೆಸಿಕೊಳ್ಳುತ್ತ, "ಈ ವರ್ಷ ಬಿಸಿಲು ಜಾಸ್ತಿ, ನಾನು ಮೊದಲು ಬಂದಾಗ ಇಷ್ಟಿರಲಿಲ್ಲ" ಎಂದರು.

ಫಲಕ ಅನಾವರಣದ ದಿನ ನಾನು ಹೊಸ ಅಂಗಿ ಹಾಕಿಕೊಂಡು ಹೋಗಿದ್ದೆ. ನೆರಳು ಹೋದ ಮೇಲೂ ಹೋಗಿದ್ದೆ. ಇದನ್ನು ಮುಚ್ಚಿಡುವುದಿಲ್ಲ. ಊರಿಗಾದದ್ದು ಆಯಿತು, ದ್ಯಾಮನ ಹೆಸರಾದರೂ ಉಳಿಯಿತಲ್ಲ ಎಂಬ ಆಸೆ ಇನ್ನೂ ಇತ್ತು. ಬಟ್ಟೆ ಸರಿಸಿದರು. 'ಎಂಟು ಎತ್ತುಗಳ ಬಂಡಿಗಳಲ್ಲಿ ಬಂದು ಈ ಪ್ರದೇಶದಲ್ಲಿ ಪ್ರಥಮವಾಗಿ ನೆಲೆಸಿದ ಮನೆತನದ ನಿವಾಸ' ಎಂದಿತ್ತು. ಕೆಳಗೆ ಮನೆತನದವರ ಹೆಸರುಗಳಿದ್ದವು. ದ್ಯಾಮನದು ಇರಲಿಲ್ಲ. ನಾನು ಎರಡು ಸಲ ಓದಿದೆ.

"ಸಾಹೇಬ್ರ, ನಮ್ಮ ಹಿರಿಯರ ಹೆಸರು?"

"ಅದನ್ನು ನಾನು ಸೇರಿಸಿ ಕಳಿಸಿದ್ದೆ ಫಕೀರಪ್ಪನವರೇ. ಮೇಲಿನ ಸಮಿತಿಯವರು ತೆಗೆದರು. ಮನುಷ್ಯ ಎತ್ತಿನ ಜೊತೆ ಹನ್ನೊಂದು ದಿನ ನೊಗ ಎಳೆದ ಎಂಬುದಕ್ಕೆ ಆಧಾರವಿಲ್ಲ ಎಂದರು. ನೊಗಕ್ಕೆ ಎರಡರಂತೆ ಎತ್ತು ಸಮವೇ ಇರಬೇಕಲ್ಲ, ಏಳು ಎಂಬುದು ಜನರ ಬಾಯಲ್ಲಿ ಬಂದ ತಪ್ಪು ಎಂದು ಎಂಟು ಮಾಡಿದರು." ಅವರ ಮುಖ ನಿಜಕ್ಕೂ ಬಾಡಿತ್ತು. ನನ್ನ ಹೆಗಲ ಮೇಲೆ ಕೈಯಿಟ್ಟು, "ಗೋಡೆಗೆ ಮಾತ್ರ ಯೋಚನೆ ಇಲ್ಲ. ಇನ್ನು ನೂರು ವರ್ಷ ಒಂದು ಕಲ್ಲೂ ಅಲುಗಾಡುವುದಿಲ್ಲ" ಎಂದರು.

ದ್ಯಾಮನನ್ನು ಎತ್ತುಗಳಲ್ಲಿ ಎಣಿಸಿದರು. ಅಲ್ಲಿಯವರೆಗೆ ಅವನ ಹೆಸರಷ್ಟೇ ಇರಲಿಲ್ಲ, ಈಗ ಅವನು ಮನುಷ್ಯ ಎಂಬುದೂ ಹೋಯಿತು. ಅದನ್ನು ಮಾಡಿಸಿದವನು ನಾನು, ಊರಿನ ನೆರಳನ್ನು ಕೊಟ್ಟು ಮಾಡಿಸಿದೆ. ಮನೆಗೆ ಬಂದು ಹೊಸ ಅಂಗಿ ಬಿಚ್ಚಿ ಮಡಚಿಟ್ಟೆ. ಅಕ್ಕ ತಗಡಿನ ಕೆಳಗೆ ಒದ್ದೆ ಸೀರೆ ಸುತ್ತಿಕೊಂಡು ಮಲಗಿದ್ದಳು.

ಊರು ಆ ಬೇಸಿಗೆಯಲ್ಲಿ ಹರಿದುಹೋಯಿತು. ಈರಪ್ಪ ಕನ್ನಡಿ ಕಟ್ಟಿಕೊಂಡು ಪಕ್ಕದ ಊರಿಗೆ ಹೋಗಿಬರತೊಡಗಿದ. ಆ ನೆರಳಿನಲ್ಲಿ ಸಂತೆ ಹೂಡುತ್ತಿದ್ದವರು ಬರುವುದು ಬಿಟ್ಟರು. ಕೌದಿಯ ಹೆಂಗಸರು ತಮ್ಮ ತಮ್ಮ ಓಣಿಯ ಸಣ್ಣಪುಟ್ಟ ಬಿದ್ದ ಮನೆಗಳಲ್ಲಿ ಜಾಗ ಹುಡುಕಿದರು. ಅಲ್ಲಿ ಮೊದಲೇ ಕೂತವರು ಇರುತ್ತಿದ್ದರು, ಜಗಳವಾಗುತ್ತಿತ್ತು. ಅಕ್ಕನನ್ನು ಇಬ್ಬರು ಕರೆದರು. ನಮ್ಮ ಓಣಿಯಿಂದ ಅಲ್ಲಿಗೆ ನಡೆಯುವಷ್ಟರಲ್ಲಿ ಬಿಸಿಲು ತಾಗುತ್ತದೆ, ಬೆಳಗಿನ ಜಾವಕ್ಕೇ ಹೋದರೂ ಮಧ್ಯಾಹ್ನಕ್ಕೆ ನೆರಳು ಮುದುಡಿ ಒಬ್ಬಳಿಗೆ ಕೂರುವಷ್ಟೂ ಜಾಗ ಉಳಿಯುವುದಿಲ್ಲ. ಒಂದು ವಾರ ಹೋಗಿ ಬಿಟ್ಟಳು. ಗೋಡೆಯನ್ನು ಕೆಡವಿಬಿಡೋಣ ಎಂದು ಕೆಲವರು ಎದ್ದರು. ಕೆಡವಿದ ಮನೆಗೂ ಬಿದ್ದ ಮನೆಗೂ ವ್ಯತ್ಯಾಸ ಇದೆ ಎಂದು ಹಿರಿಯರು ಹೇಳಿದರು. ಹಿಂದೆ ಯಾರೋ ನೆರಳಿನ ಆಸೆಗೆ ತಮ್ಮ ಮನೆಯನ್ನು ತಾವೇ ಕೆಡವಿಕೊಂಡು ಮನೆಯನ್ನೂ ನೆರಳನ್ನೂ ಕಳೆದುಕೊಂಡಿದ್ದರಂತೆ. ಈ ಗೋಡೆ ತಾನಾಗಿ ಬೀಳಬೇಕು, ಬಿದ್ದರೂ ಈಗ ನಿಂತಷ್ಟೇ ಎತ್ತರದ ನೆರಳು ಕೊಟ್ಟೀತು. ನೂರು ವರ್ಷ ಕಾದರೆ ಮೊಣಕಾಲಷ್ಟು.

ಇಷ್ಟಾದರೂ ಜನ ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವರು ನನ್ನ ಹತ್ತಿರ ಅರ್ಜಿ ಬರೆಸಲು ಬಂದರು. ನೆರಳು ವಾಪಸು ಕೊಡಿಸಿ ಎಂದು. ಕೊಡೆ ಹಿಡಿದು, ತಲೆಗೆ ಟವೆಲು ಸುತ್ತಿ, ಅದೇ ಐವತ್ತೆರಡು ಜನ ನನ್ನ ಟೇಬಲ್ಲಿನ ಸುತ್ತ ಬಿಸಿಲಲ್ಲಿ ನಿಂತರು. ನಾನು ಬರೆದೆ. ಜೀವಮಾನದಲ್ಲಿ ಅಂಥ ಅರ್ಜಿ ಬರೆದಿರಲಿಲ್ಲ. ಒಂದೊಂದು ಹೊತ್ತಿನ ನೆರಳಿನ ಉದ್ದ, ಅದರಲ್ಲಿ ಕೂತವರ ಹೆಸರು, ಎರಡು ಕಿಟಕಿ, ಎಲ್ಲವನ್ನೂ ಬರೆದೆ. ಬರೆಯುತ್ತ ಬರೆಯುತ್ತ, ಪಾರಂಪರಿಕ ಮಹತ್ವ ಎಂದು ಬರೆಯಬೇಕಾಗಿದ್ದದ್ದು ಇದನ್ನೇ ಎಂದು ಗೊತ್ತಾಯಿತು.

ಎರಡು ತಿಂಗಳಿಗೆ ಉತ್ತರ ಬಂತು. ಎಲ್ಲರೂ ಸೇರಿದರು. ಅಕ್ಕನೂ ಹುಸೇನಬಿಯ ಕೊಡೆಯ ಕೆಳಗೆ ಬಂದು ನಿಂತಿದ್ದಳು. ನಾನೇ ಓದಬೇಕಾಯಿತು, ಓದಲು ಬರುವವನು ನಾನೇ ಅಲ್ಲವೆ. "ಸದರಿ ಸ್ಥಳದಲ್ಲಿ ನೆರಳು ಇದ್ದ ಬಗ್ಗೆ ಈ ಕಚೇರಿಯಲ್ಲಿ ಯಾವುದೇ ದಾಖಲೆ ಇರುವುದಿಲ್ಲ. ಮೂಲ ಅರ್ಜಿಯ ಒಂಬತ್ತನೆಯ ಅಂಕಣದಲ್ಲಿ ಸಾರ್ವಜನಿಕರ ಉಪಯೋಗ ಇಲ್ಲ ಎಂದು ನಮೂದಿಸಲಾಗಿದ್ದು, ಅದಕ್ಕೆ ಈಗಿನ ಅರ್ಜಿದಾರರೇ ಆದ ಐವತ್ತೆರಡು ಮಂದಿ ಸಹಿ ಮಾಡಿರುತ್ತಾರೆ. ಮುಂದಿನ ಕೆಲಸಕ್ಕೆ ಆಕ್ಷೇಪಣೆ ಇಲ್ಲವೆಂದೂ ಸಹಿ ಮಾಡಿರುತ್ತಾರೆ. ಆದ್ದರಿಂದ ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ."

ಈರಪ್ಪ ಮೆಲ್ಲಗೆ ಕೇಳಿದ.

"ಉಪಯೋಗ ಇಲ್ಲ ಅಂತ ಬರದವರು ಯಾರ್ರೀ?"

"ನಾನು."

"ನಾವು ಅದಕ್ಕ ಸಹಿ ಹಾಕೀವೇನ್ರಿ?"

"ಹೌದು."

"ನೀವು ಅಲ್ಲೇ ಕುಂತಿದ್ರೆಲ್ರೀ," ಎಂದ ಈರಪ್ಪ. ಸಿಟ್ಟಿರಲಿಲ್ಲ, ಅರ್ಥವಾಗದೆ ಕೇಳಿದ. "ನೆರಳಾಗ ಕುಂತಽ ಬರದ್ರ್ಯಾ?"

ನಾನು ಹೌದೆಂದೆ. ಒಬ್ಬೊಬ್ಬರಾಗಿ ಹೋದರು. ಹುಸೇನಬಿ ಹೋಗುವ ಮುಂದೆ ತನ್ನ ಹೆಬ್ಬೆರಳನ್ನು ಒಮ್ಮೆ ತಿರುಗಿಸಿ ನೋಡಿಕೊಂಡಳು. ಆಮೇಲೆ ಯಾರೂ ನನ್ನ ಹತ್ತಿರ ಏನನ್ನೂ ಬರೆಸಲಿಲ್ಲ.

ಮರುದಿನ ಬೆಳಗ್ಗೆ ಎದ್ದಾಗ ಅಕ್ಕ ಮನೆಯಲ್ಲಿರಲಿಲ್ಲ. ಕೌದಿಯ ಗಂಟೂ ಇರಲಿಲ್ಲ. ಓಡಿದೆ. ಆಗಲೇ ಒಂಬತ್ತು ದಾಟಿತ್ತು. ನಲವತ್ತು ವರ್ಷ ಕೂತ ಜಾಗದಲ್ಲೇ, ಆ ಮೊಣಕಾಲುದ್ದದ ಗೋಡೆಗಳ ನಡುವೆ, ಸುಡುವ ಹಾಸುಗಲ್ಲಿನ ಮೇಲೆ ಚಾಪೆ ಹಾಕಿಕೊಂಡು ಅಕ್ಕ ಹೊಲಿಯುತ್ತಿದ್ದಳು. ಮುಖದ ಮೇಲೆ, ಮುಂಗೈ ಮೇಲೆ ಬೊಬ್ಬೆ ಎದ್ದಿದ್ದವು. ಒಂದೆರಡು ಒಡೆದು ಕೌದಿಗೆ ತಾಗಿದ್ದವು.

"ಅಕ್ಕಾ, ಏಳು, ಮನೀಗೆ ಹೋಗೂಣು."

ಆಕೆ ತಲೆ ಎತ್ತಲಿಲ್ಲ. ಕೊಡೆ ತರಲು ಹೋಗಿಬರುವಷ್ಟು ಹೊತ್ತು ಆಕೆಯನ್ನು ಹಾಗೆ ಬಿಡಲು ನನಗೆ ಧೈರ್ಯವಾಗಲಿಲ್ಲ. ಮೂಡಲಿಗೆ ಬೆನ್ನು ಮಾಡಿ ಆಕೆಯ ಪಕ್ಕ ನಿಂತೆ. ನನ್ನ ನೆರಳು ಆಕೆಯ ತಲೆ, ಭುಜ, ಕೈಗಳನ್ನು ಮುಚ್ಚಿತು. ಕೈ ಎರಡೂ ಅಗಲಿಸಿದೆ, ಇನ್ನಷ್ಟು ಮುಚ್ಚಲಿ ಎಂದು. ಹೀಗೆ ಸಂಜೆಯವರೆಗೆ ನಿಲ್ಲುತ್ತೇನೆ, ನಾಳೆಯೂ ನಿಲ್ಲುತ್ತೇನೆ, ಇರುವವರೆಗೂ ನಿಲ್ಲುತ್ತೇನೆ ಎಂದುಕೊಂಡೆ.

ಅಕ್ಕನ ಸೂಜಿ ನಿಂತಿತು. ತನ್ನ ಮೇಲೆ ಬಿದ್ದ ನೆರಳನ್ನು ನೋಡಿದಳು, ಅದು ಯಾರದೆಂದು ನೋಡಿದಳು. ಆಮೇಲೆ ಚಾಪೆಯ ಅಂಚು ಹಿಡಿದು, ಕೂತ ಹಾಗೆಯೇ ಒಂದು ಮಾರು ಆಚೆಗೆ, ಬಿಸಿಲಿಗೆ ಜರುಗಿದಳು. ನಾನೂ ಜರುಗಿದೆ. ಆಕೆ ಮತ್ತೆ ಜರುಗಿದಳು.